ಯಾರೂ ಮುಟ್ಟದ ಕೀಬೋರ್ಡು

ಪ್ರಿನ್ಸಿಪಾಲ್ ಯೋಗಾನಂದ ಬಿಳಿ ಹಾಳೆಯೊಂದನ್ನು ಗಂಗಾದೇವಿಯ ಕೈಗಿತ್ತು, ತಪ್ಪಾಯಿತೆಂದು ಬರೆದುಕೊಡಲು ಹೇಳಿದರು. ಬರೆದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ಇವತ್ತೇ ಕೊನೆ. ಕಾಲೇಜಿನ ಸರ್ವರ್‌ಗೆ ವೈರಸ್ ಹೊಕ್ಕು ಮಕ್ಕಳ ಅಂಕಗಳಿಗೆಲ್ಲ ಬೀಗ ಬಿದ್ದಿತ್ತು. ರಜೆಯಲ್ಲಿ ಲ್ಯಾಬಿನ ಕೀಲಿಕೈ ಇದ್ದದ್ದು ಲ್ಯಾಬ್ ಅಸಿಸ್ಟೆಂಟ್ ಗಂಗಾದೇವಿಯ ಬಳಿ ಮಾತ್ರ.

ಆಂಟಿವೈರಸ್ ಕಂಪನಿಯ ಎಂಜಿನಿಯರ್ ನಂದಕುಮಾರ್ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಬೆಂದು ಕೋಗಿಲಿನ ಈ ಕಾಲೇಜಿಗೆ ಬಂದಿದ್ದ. ಬೇಗ ಮುಗಿದರೆ ಸಾಕಿತ್ತು ಅವನಿಗೆ. ಪರದೆಯಲ್ಲಿದ್ದ ಎಚ್ಚರಿಕೆಯ ಮೇಲೆ ಕಣ್ಣಾಡಿಸಿ ತೀರ್ಪು ಕೊಟ್ಟೇಬಿಟ್ಟ. "ನಿನ್ನೆ ಹನ್ನೊಂದು ನಲವತ್ತಕ್ಕೆ ಯಾರೋ ಮೇಲ್ ಅಟ್ಯಾಚ್‌ಮೆಂಟ್ ಓಪನ್ ಮಾಡಿದಾರೆ ಕಣ್ರೀ. ಯಾರೂ ಕೈ ಹಾಕ್ದೆ ನಮ್ ಸಾಫ್ಟ್‌ವೇರ್ ದಾಟ್ಕೊಂಡು ಏನೂ ಒಳಗ್ ಬರಲ್ಲ."

ಅವನು ಕೀಬೋರ್ಡಿಗೆ ಕೈ ಚಾಚಿದಾಗ ಗಂಗಾದೇವಿ ಅಡ್ಡ ನಿಂತಳು. ಬೀದರಿನ ಹೆಣ್ಣುಮಗಳು, ಹನ್ನೆರಡು ವರ್ಷದಿಂದ ಈ ಲ್ಯಾಬು ನೋಡಿಕೊಂಡು ಬಂದವಳು. ಬೆಳಿಗ್ಗೆಯಿಂದ ಆ ಮೇಜಿನ ಬಳಿ ಒಂದು ನರಪಿಳ್ಳೆಯನ್ನೂ ಬಿಟ್ಟಿರಲಿಲ್ಲ.

"ಮುಟ್ಟಬ್ಯಾಡ್ರಿ. ಮೊದ್ಲ ನೋಡ್ರಿ."

ಮೊನ್ನೆ ಆಯುಧಪೂಜೆ, ನಿನ್ನೆ ವಿಜಯದಶಮಿ. ಬೇರೆಲ್ಲ ಕಂಪ್ಯೂಟರು ಆರಿಸಿದ್ದರೂ ಮೇಲ್ ಬರುತ್ತಿರಬೇಕೆಂದು ಸರ್ವರನ್ನು ಆರಿಸುವಂತಿರಲಿಲ್ಲ. ಚಾಲೂ ಇದ್ದ ಯಂತ್ರಕ್ಕೇ ಅವಳು ಪೂಜೆ ಮಾಡಿದ್ದಳು. ಪೂಜೆಗಿಟ್ಟ ಆಯುಧವನ್ನು ಮೂರನೆಯ ದಿನದವರೆಗೆ ಮುಟ್ಟಬಾರದೆಂಬುದು ಅವಳ ಮನೆಯ ಕಟ್ಟು. ಕೀಬೋರ್ಡಿನ ಮೇಲೆ ಚೆಂಡುಹೂವು ಬಾಡಿತ್ತು, ಮೌಸಿನ ಮೇಲಿನ ಕುಂಕುಮ ಕದಡಿರಲಿಲ್ಲ. ಎಂಟರ್ ಗುಂಡಿಯ ಮೇಲೆ ಐದು ಕಾಳು ಅಕ್ಷತೆ ಇತ್ತು. ಪೂಜೆಯ ದಿನ ಯೋಗಾನಂದರೇ ಫೋಟೊ ತೆಗೆದು ಕಾಲೇಜಿನ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಅವಳು ಅದನ್ನು ತೆರೆದು ಪಕ್ಕದಲ್ಲಿ ಹಿಡಿದಳು. ಒಂದು ಕಾಳೂ ಕದಲಿರಲಿಲ್ಲ.

ನಂದಕುಮಾರ್ ಎರಡು ಸಲ ಎಣಿಸಿದ. ಮನುಷ್ಯರು ತೆರೆಯದ ಅಟ್ಯಾಚ್‌ಮೆಂಟನ್ನು ತಪಾಸಣೆಗೆಂದು ತೆರೆದು ನೋಡುವುದು ಆಂಟಿವೈರಸ್ ಒಂದೇ. ತಮ್ಮ ಆಂಟಿವೈರಸ್ ಬಿಟ್ಟರೆ ಬೇರೇನೂ ಇಲ್ಲದ ಲ್ಯಾಪ್‌ಟಾಪಿಗೆ ಅದೇ ಮೇಲ್ ತರಿಸಿಕೊಂಡು ಕೈಕಟ್ಟಿ ಕೂತ. ಎರಡೇ ನಿಮಿಷಕ್ಕೆ ಅದಕ್ಕೂ ಬೀಗ ಬಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ತಪ್ಪು ನಮ್ದೇ ಸಾರ್," ಎಂದ ಮೆಲ್ಲಗೆ.

ಯೋಗಾನಂದರು ಇನ್ನೇನು ಹೊರಡುವವರಿದ್ದರು. ಗಂಗಾದೇವಿ ಬಿಳಿ ಹಾಳೆಯನ್ನು ಅವರ ಮುಂದಿಟ್ಟು ಪೆನ್ನಿನ ಮುಚ್ಚಳ ತೆಗೆದಳು. "ಇದ್ರಾಗ ಈಗ ನೀವು ಬರೀರಿ ಸರ್." ಅವರು ಬರೆದುಕೊಟ್ಟರು. ಅದನ್ನು ಅವಳು ನೀಟಾಗಿ ಮಡಚಿ ಬ್ಯಾಗಿನಲ್ಲಿಟ್ಟುಕೊಂಡಳು. ಆ ಸಂಜೆ ಬಸ್ ಸ್ಟಾಪಿಗೆ ನಡೆದವಳ ತಲೆ ಎಂದಿಗಿಂತ ಎತ್ತರದಲ್ಲಿತ್ತು.

ತಿಂಗಳ ಮೇಲೆ ಕಂಪನಿ ಆ ಲೋಪವನ್ನು ಮುಚ್ಚಿತು. ಮುಖ್ಯ ಕಚೇರಿಯಿಂದ ಗಂಗಾದೇವಿಯ ಹೆಸರಿಗೇ ಧನ್ಯವಾದದ ಪತ್ರ ಬಂತು, ಜೊತೆಗೊಂದು ಫಾರಂ. ತಮ್ಮ ನೂರಾರು ಪರಿಣತರಿಗೆ ಕಾಣದ್ದನ್ನು ಪತ್ತೆ ಹಚ್ಚಲು ಯಾವ ಉಪಕರಣ ಬಳಸಿದಿರಿ ಎಂದು ಅದರಲ್ಲಿ ಕೇಳಿದ್ದರು.

ಅವಳು ದುಂಡಗಿನ ಅಕ್ಷರದಲ್ಲಿ ತುಂಬಿದಳು: ಐದು ಕಾಳು ಅಕ್ಷತೆ.