ಮಾರವಾ, ಒಂದೇ ಸಲ

ಯಾವ ರೆಕಾರ್ಡಾದರೂ ಒಂದೇ ಸಲ ಹಾಡಿ ಅಳಿಸಿಹೋಗುತ್ತಿತ್ತು. ಹಾಗಾಗಿ ಧಾರವಾಡದ ವತ್ಸಲಾಬಾಯಿ ತಮ್ಮ ಸಂಗ್ರಹದಲ್ಲಿದ್ದ, ಪಂಡಿತರೊಬ್ಬರು ಹಾಡಿದ ಮಾರವಾ ರಾಗದ ರೆಕಾರ್ಡನ್ನು ಇಪ್ಪತ್ತು ವರ್ಷ ಕೇಳದೆಯೇ ಕಾಪಾಡಿಕೊಂಡಿದ್ದರು. ಅದಕ್ಕೆ ತಬಲಾ ನುಡಿಸಿದ್ದ ನೆರೆಮನೆಯ ಮಕ್ತುಮಸಾಬರೂ ಅದನ್ನು ಕೇಳಿರಲಿಲ್ಲ. ತಿಂಗಳೊಳಗೆ ಸಾಬರ ಕಿವಿ ಪೂರ್ತಿ ಹೋಗುತ್ತದೆಂದು ವೈದ್ಯರು ಹೇಳಿದ ದಿನ ವತ್ಸಲಾಬಾಯಿ ಸಾಬರನ್ನು ಕರೆದು ಕೂರಿಸಿ, ರೆಕಾರ್ಡನ್ನು ಯಂತ್ರದ ಮೇಲಿಟ್ಟರು.

"ಬ್ಯಾಡ್ರಿ ಬಾಯಾರ, ಖಾಲಿ ಆಕ್ಕೈತಿ."

"ಆಗ್ಲಿ. ಕೇಳ್ರಿ."

ಇಪ್ಪತ್ತೆರಡು ನಿಮಿಷ ಸಾಬರು ಅಲುಗಾಡಲಿಲ್ಲ. ಹಾಡು ಮುಗಿದಾಗ ರೆಕಾರ್ಡು ಗಾಜಿನಂತೆ ನುಣುಪಾಗಿತ್ತು.

"ರೆಕಾರ್ಡಿಂಗ್ ಮುಗದ ಮ್ಯಾಲೆ ಪಂಡಿತ್ರು ಒಂದ್ ಮಾತೂ ಆಡದ ಎದ್ದು ಹೋದ್ರು. ಕೆಟ್ಟ ಬಾರಿಸೇನಿ ಅಂತ ಇಷ್ಟು ವರ್ಷ ತಿಳ್ಕೊಂಡಿದ್ದೆ," ಎಂದು ಸಾಬರು ಕಣ್ಣೊರೆಸಿಕೊಂಡರು. "ಚಲೋ ಬಾರಿಸೇನ್ರಿ. ನಿಮ್ಮಿಂದ ಗೊತ್ತಾತು. ಇನ್ನ ಕಿವಿ ಹೋದ್ರೂ ಹೋಗ್ಲಿ."