ಬಲಗೈಯ ಗಡಿಯಾರ

ನಾಯಕ ಮತ್ತೆ ಮಾತು ಮರೆತ.

"ಕಟ್!" ನಿರ್ದೇಶಕರು ಟೋಪಿ ತೆಗೆದು ತೊಡೆಗೆ ಬಡಿದುಕೊಂಡರು. "ಏನಯ್ಯಾ ಇದು? ಹೇಳಬೇಕಾದ್ದು ಒಂದೇ ಮಾತು. 'ಮನೆಗೆ ಹೋಗೋಣ.' ಅದೂ ಬಾಯಿಗೆ ಬರಲ್ವಾ?"

"ಸಾರಿ ಸರ್. ಇನ್ನೊಂದ್ಸಲ ಮಾಡೋಣ."

"ಎದುರಿಗೆ ಸ್ವಂತ ಹೆಂಡ್ತೀನೇ ನಿಂತಿದ್ರೆ ಯಾವ ಗಂಡಸಿಗೆ ಮಾತು ಬರುತ್ತೆ ಸರ್?" ಎಂದ ಲೈಟಿನವನು. ಎಲ್ಲರೂ ನಕ್ಕರು. ನಾಯಕಿಯೂ ನಕ್ಕಳು. ನಾಯಕ ನಗಲಿಲ್ಲ.

ಮಾನಿಟರ್ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಕಣ್ಣಮ್ಮನೂ ನಗಲಿಲ್ಲ. ಅದು ಅವಳ ಹೆಸರಲ್ಲ, ಚಿತ್ರತಂಡದವರು ಇಟ್ಟದ್ದು. ಒಂದು ಶಾಟಿನಿಂದ ಇನ್ನೊಂದಕ್ಕೆ ಲೋಟ ಜಾಗ ಬದಲಿಸದಂತೆ, ಬಿಚ್ಚಿದ ಗುಂಡಿ ತಾನಾಗಿ ಹಾಕಿಕೊಳ್ಳದಂತೆ ನೋಡುವುದು ಅವಳ ಕೆಲಸ. ಅವಳು 'ಸರಿಯಿದೆ' ಎನ್ನದೆ ನಿರ್ದೇಶಕರು ಮುಂದೆ ಹೋಗುತ್ತಿರಲಿಲ್ಲ.

ಸಿನಿಮಾದಲ್ಲಿ ನಡೆಯುವುದು ಹೆಚ್ಚೇನಿಲ್ಲ. ಗಂಡ ಹೆಂಡತಿ ರಜೆ ಕಳೆಯಲು ಕೆರೆ ದಡದ ಬಾಡಿಗೆ ಮನೆಗೆ ಬರುತ್ತಾರೆ. ಉಣ್ಣುತ್ತಾರೆ, ಕಿಟಕಿಯಾಚೆ ನೋಡುತ್ತಾರೆ, ಮಾತು ಬಿಡುತ್ತಾರೆ. ಕೊನೆಗೆ ಸೂಟ್‌ಕೇಸ್ ತುಂಬಿ ಹೊರಡುತ್ತಾರೆ. ನಿಜವಾದ ಗಂಡ ಹೆಂಡತಿಯೇ ನಟಿಸಲು ಸಿಕ್ಕಿದ್ದು ನಿರ್ದೇಶಕರ ಹೆಮ್ಮೆ. ಅವರಿಬ್ಬರಿಗೆ ಅದೇ ಮನೆಯ ಮಹಡಿಯ ಕೋಣೆ. ಅದರ ಕೆಳಗಿನದು ಕಣ್ಣಮ್ಮನಿಗೆ.

ಸದ್ದು ಕೇಳಿದ್ದು ಅವಳೊಬ್ಬಳಿಗೇ. ಒಂದು ಬೆಳಿಗ್ಗೆ, ಹಲ್ಲುಜ್ಜುತ್ತಿದ್ದಾಗ. ಮೇಲೆ ಏನೋ ಧಪ್ಪೆಂದು ಬಿತ್ತು. ಆಮೇಲೆ ಬಾಯಿ ಮುಚ್ಚಿಕೊಂಡು ನರಳಿದ ಸದ್ದು. ಆಮೇಲೆ ನಲ್ಲಿಯ ನೀರು, ತುಂಬ ಹೊತ್ತು.

ಅವತ್ತು ನಾಯಕಿ ಉಂಗುರ ತೆಗೆದು ಮೇಜಿನ ಮೇಲಿಡುವ ದೃಶ್ಯ. ಉಂಗುರ ಬರಲಿಲ್ಲ. ಬೆರಳು ಊದಿತ್ತು; ಗೆಣ್ಣಿನ ಚರ್ಮ ಕಿತ್ತಿತ್ತು. ಮೇಕಪ್ ಅಕ್ಕ ಸೋಪು ಹಚ್ಚಿ, ತಿರುಗಿಸಿ ತಿರುಗಿಸಿ ಎಳೆದಳು. ಆರು ಹರಳುಗಳನ್ನು ಹೂವಿನಂತೆ ಕೂರಿಸಿದ ಉಂಗುರ.

"ಏನಾಯ್ತಕ್ಕಾ?" ಕಣ್ಣಮ್ಮ ಕೇಳಿದಳು.

"ಬಾಗಿಲಿಗೆ ಸಿಕ್ಕಿತು." ನಾಯಕಿ ಗಂಡನತ್ತ ನೋಡಿದಳು. "ಅಲ್ವೇನ್ರೀ?"

"ಹೂಂ" ಎಂದ ಅವನು, ನೆಲ ನೋಡುತ್ತ.

ಕಣ್ಣಮ್ಮನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅವಳ ಸ್ವಂತ ಅಕ್ಕನೂ ಬಾಗಿಲು, ಮೆಟ್ಟಿಲು, ಬಚ್ಚಲು ಎಂದೇ ಹೇಳುತ್ತಿದ್ದಳು. ಮನೆಯವರೆಲ್ಲ ನಂಬಿದ್ದರು. ಅಕ್ಕ ಈಗಿಲ್ಲ.

ಅಂದಿನಿಂದ ಅವಳು ನಾಯಕನ ಮೇಲೆ ಕಣ್ಣಿಟ್ಟಳು. ಸೆಖೆಗೆ ಎಲ್ಲರ ಬೆನ್ನು ತೊಯ್ಯುತ್ತಿದ್ದರೆ ಅವನದು ಕುತ್ತಿಗೆವರೆಗೆ ಗುಂಡಿ, ತುಂಬು ತೋಳಿನ ಅಂಗಿ. ಕೇಳಿ ಹಾಕಿಸಿಕೊಂಡದ್ದು. "ಈ ಪಾತ್ರ ತನ್ನನ್ನ ಮುಚ್ಚಿಟ್ಟುಕೊಳ್ಳೋದು ಸರ್" ಎಂದಿದ್ದ. ನಿರ್ದೇಶಕರು ಮೆಚ್ಚಿ ಬೆನ್ನು ತಟ್ಟಲು ಹೋದಾಗ ಸರಕ್ಕನೆ ಹಿಂದೆ ಸರಿದಿದ್ದ. ಮೇಕಪ್ ಅಕ್ಕ ಮುಖ ಬಿಟ್ಟು ಬೇರೆಲ್ಲೂ ಮುಟ್ಟುವಂತಿರಲಿಲ್ಲ. ಜಂಬ, ಎಂದುಕೊಂಡಿದ್ದಳು ಕಣ್ಣಮ್ಮ.

ಈಗ ಉಳಿದದ್ದು ಕೊನೆಯ ದೃಶ್ಯವೊಂದೇ. ಅದು ಮುಗಿಯುತ್ತಲೇ ಇರಲಿಲ್ಲ. ಮಾತು ಮರೆಯದ ದಿನ ಅವನು ಬೇರೇನಾದರೂ ಕೆಡಿಸುತ್ತಿದ್ದ. ಚಪ್ಪಲಿ ಬದಲಾಗಿರುತ್ತಿತ್ತು. ಸೂಟ್‌ಕೇಸ್ ಇನ್ನೊಂದು ಕೈಗೆ ಹೋಗಿರುತ್ತಿತ್ತು. "ತಪ್ಪಿದೆ ಸರ್" ಎನ್ನುತ್ತಿದ್ದಳು ಕಣ್ಣಮ್ಮ. ಅವನು ಅವಳತ್ತ ತಿರುಗಿ, "ನಿಮ್ಮ ಕಣ್ಣಿಗೆ ಬೀಳದೇ ಇರೋದು ಏನೂ ಇಲ್ಲ, ಅಲ್ವಾ?" ಎನ್ನುತ್ತಿದ್ದ. ಅಷ್ಟರಲ್ಲಿ ಬೆಳಕು ಹೋಗಿರುತ್ತಿತ್ತು. ಮತ್ತೆ ನಾಳೆ. ಮತ್ತೆ ಮಹಡಿಯ ಕೋಣೆ.

ಊಟದ ಹೊತ್ತಿನಲ್ಲಿ ಅವಳು ನಾಯಕಿಯ ಪಕ್ಕ ಹೋಗಿ ಕೂತಳು.

"ಅಕ್ಕಾ, ನಂಗೆ ಕೆಳಗೆ ಎಲ್ಲ ಕೇಳಿಸುತ್ತೆ."

ನಾಯಕಿಯ ಚಮಚ ನಿಂತಿತು. "ಏನು ಕೇಳಿಸುತ್ತೆ?"

"ಬೆಳಗಿನ ಸದ್ದು. ನಾನು ಯಾರಿಗೂ ಹೇಳಲ್ಲ. ನಿಮಗೇನು ಬೇಕು ಹೇಳಿ, ಮಾಡ್ತೀನಿ."

ನಾಯಕಿ ಅವಳ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಕಣ್ಣು ತುಂಬಿಕೊಂಡಳು. "ಬೇಗ ಮುಗಿಸಿಕೊಡು ತಂಗಿ. ಊರಿಗೆ ಹೋದ್ರೆ ಸಾಕು. ಇಲ್ಲಿ ಗೋಡೆ ತೆಳು, ಉಸಿರಾಡೋಕೂ ಹೆದರಬೇಕು. ಅಲ್ಲಿ ನಮ್ಮಮ್ಮ ಇದ್ದಾರೆ, ನಮ್ಮಣ್ಣ ಇದ್ದಾನೆ. ಇವರ ಆಟ ಏನೂ ನಡೆಯಲ್ಲ."

ಸಂಜೆ ನಾಯಕ ಮಾತು ಮರೆಯಲಿಲ್ಲ. ಬಾಗಿಲಿಗೆ ಬೀಗ ಹಾಕಿದ. "ಮನೆಗೆ ಹೋಗೋಣ" ಎಂದ. ಕಟ್ ಆದದ್ದೇ ತಡ, ಕ್ಯಾಮೆರಾದಾಚೆ ಕೂತಿದ್ದ ಕಣ್ಣಮ್ಮನನ್ನು ನೋಡಿದ.

ಗಡಿಯಾರ ಬಲಗೈಯಲ್ಲಿತ್ತು. ಇಡೀ ಸಿನಿಮಾ ಎಡಗೈಯಲ್ಲಿದ್ದ, ಅಗಲ ಚರ್ಮದ ಪಟ್ಟಿಯ ಗಡಿಯಾರ. ಎಡತೋಳಿನ ಗುಂಡಿಯೂ ಬಿಚ್ಚಿತ್ತು.

"ಏನಮ್ಮಾ, ಸರಿಯಿದ್ಯಾ?" ನಿರ್ದೇಶಕರು ಕೇಳಿದರು.

ನಾಯಕ ಕಾಯುತ್ತಿದ್ದ. ಅವಳಿಗೆ ಗಡಿಯಾರ ಕಂಡಿದೆಯೆಂದು ಅವನಿಗೆ ಗೊತ್ತಿತ್ತು.

"ಸರಿಯಿದೆ ಸರ್" ಎಂದಳು. ಈ ಕೆಲಸದಲ್ಲಿ ಅವಳು ಹೇಳಿದ ಮೊದಲ ಸುಳ್ಳು.

"ಪ್ಯಾಕಪ್!"

ಚಪ್ಪಾಳೆ, ಶಿಳ್ಳೆ. "ಸರ್, ಇನ್ನೊಂದ್ಸಲ..." ಎಂದ ನಾಯಕ. ಯಾರಿಗೂ ಕೇಳಿಸಲಿಲ್ಲ.

ಕಾರಿನ ಸ್ಟೀರಿಂಗ್ ಹಿಡಿದದ್ದು ನಾಯಕಿ. ಹೂವಿನ ಉಂಗುರ ಬೆರಳಿಗೆ ಮರಳಿತ್ತು. "ಬರ್ತೀನಿ ತಂಗಿ. ನಿನ್ನ ಉಪಕಾರ ಮರೆಯಲ್ಲ" ಎಂದಳು. ಕಣ್ಣಮ್ಮ ಕೈಬೀಸಿದಳು. ಅಕ್ಕನಿಗೆ ಆಗದ್ದು ಇವಳಿಗಾದರೂ ಆಯಿತು.

ಕಾರು ಅಂಗಳದಲ್ಲಿ ತಿರುಗಿ ಅವಳ ಮುಂದೆಯೇ ಹಾದುಹೋಯಿತು. ಕಿಟಕಿಯಿಂದ ನಾಯಕನ ಎಡಗೈ ಹೊರಬಂದು ಮೇಲೆದ್ದಿತು. ಗುಂಡಿ ಬಿಚ್ಚಿದ ತೋಳು ಮೊಣಕೈವರೆಗೆ ಜಾರಿತು.

ಗಡಿಯಾರದ ಪಟ್ಟಿ ಇರುತ್ತಿದ್ದ ಜಾಗದಿಂದ ಮೇಲಕ್ಕೆ, ಹಳೆಯವು ಕಪ್ಪಾಗಿ, ಹೊಸವು ಕೆಂಪಾಗಿ, ಚರ್ಮದ ತುಂಬ ಆರೆಸಳಿನ ಪುಟ್ಟ ಪುಟ್ಟ ಹೂವುಗಳು.