ನೋಡುವವರಿಗೆ ಸ್ವಲ್ಪ ರಕ್ತ

"ಪೂರ್ತಿ ಮುಚ್ಚಬೇಡಮ್ಮ, ಸ್ವಲ್ಪ ರಕ್ತ ಉಳಿಸು. ನಾಳೆ ಊರೂರಿನ ಡಾಕ್ಟರುಗಳು ಪರದೆ ಮೇಲೆ ನನ್ನ ಆಪರೇಷನ್ ನೋಡ್ತಾರೆ. ಒಣಗಿದ ಮೂಗಲ್ಲಿ ನನ್ನ ಕೈಚಳಕ ಏನು ಕಾಣುತ್ತೆ?" ಮಾಸ್ಕನ್ನು ಗದ್ದಕ್ಕಿಳಿಸಿ ಚೂಯಿಂಗ್ ಗಮ್ ಜಗಿಯುತ್ತ ಹೇಳಿದರು ದೊಡ್ಡ ಡಾಕ್ಟರು.

ರಕ್ತನಾಳ ಮುಚ್ಚುವ ಡಾಕ್ಟರಮ್ಮನ ಕೈಯಲ್ಲಿ ನಾಳಕ್ಕೆ ಬಿಡುವ ಅಂಟುಮದ್ದಿನ ಸಿರಿಂಜು ನಿಂತಿತು. ಮೇಜಿನ ಮೇಲೆ ಎಚ್ಚರವಾಗಿಯೇ ಮಲಗಿದ್ದ ದರ್ಜಿಯ ಮೂಗಿನ ಹಿಂದೆ ರಕ್ತನಾಳಗಳೇ ಹೆಣೆದುಕೊಂಡ ಅಪರೂಪದ ಗೆಡ್ಡೆ, ಎಕ್ಸ್‌ರೇ ಪರದೆಯಲ್ಲಿ ಕಪ್ಪು ಪೊದೆಯಂತೆ ಕಾಣುತ್ತಿತ್ತು. ಅದಕ್ಕೆ ರಕ್ತ ಉಣಿಸುವ ನಾಳಗಳಲ್ಲಿ ಕಡೆಯದು, ಎಲ್ಲಕ್ಕಿಂತ ದಪ್ಪನೆಯದು, ಇನ್ನೂ ತೆರೆದೇ ಇತ್ತು. ಹಾಗೇ ಬಿಟ್ಟರೆ ನಾಳೆ ಕತ್ತರಿ ಇಟ್ಟೊಡನೆ ನಲ್ಲಿ ಬಿಟ್ಟಂತೆ ಸುರಿಯುತ್ತದೆ. ಇದು ಗಮ್ ಜಗಿಯುತ್ತ ನಿಂತ ಈ ದೊಡ್ಡ ಡಾಕ್ಟರಿಗೂ ಗೊತ್ತು.

"ನನ್ನ ರಕ್ತ ನೋಡೋಕೆ ಟಿಕೆಟ್ ಇಟ್ಟಿದ್ದಾರಾ ಅಕ್ಕ?" ಎಂದ ದರ್ಜಿ.

ಅವಳು ಸಿರಿಂಜು ಒತ್ತಿದಳು. ಪೊದೆ ಕೊಂಬೆ ಕೊಂಬೆಯಾಗಿ ಅಳಿಯಿತು. ಕೊನೆಯ ಎಳೆ ಮಾಯವಾಗುವವರೆಗೂ ಅವಳು ಕೈ ತೆಗೆಯಲಿಲ್ಲ.

"ಏನು ಮಾಡ್ಬಿಟ್ಟೆ? ಇನ್ನು ನೋಡೋಕೆ ಏನಿದೆ ಅಲ್ಲಿ?"

"ಇವರ ಮುಖ ಇದೆ ಸಾರ್. ನೀವು ಬಂದಾಗಿಂದ ಒಂದು ಸಲಾನೂ ನೋಡಿಲ್ಲ."